ಮೋಟರಿಗೆ ಕಣ್ಣಿಲ್ಲ

ಪುಟ್ಟ ಲೇತ್‌ನ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಕೈ ಸೋತಿದೆಯೇ? ಕೈ ಒಂದು ಗಳಿಗೆ ತಡೆದರೂ ಸಾಕು, ಶಾಫ್ಟ್ ಮೇಲೆ ಉಂಗುರದಂಥ ಗೆರೆ ಬಿದ್ದುಬಿಡುತ್ತದೆ. ಗುಜರಿಯಲ್ಲಿ ಸಿಗುವ ಕಾರಿನ ವೈಪರ್ ಮೋಟರನ್ನು ಲೀಡ್ ಸ್ಕ್ರೂ ತುದಿಗೆ ಜೋಡಿಸಿ ನೋಡಿ. 12 ವೋಲ್ಟ್, ಒಳಗೇ ವರ್ಮ್ ಗೇರ್. ನಿಧಾನ, ಆದರೆ ಗಟ್ಟಿಗ.

ಮೊದಲು ಲೆಕ್ಕ. ಚಕ್ ನಿಮಿಷಕ್ಕೆ 600 ಸುತ್ತು, ಸುತ್ತಿಗೆ 0.1 ಮಿ.ಮೀ. ಫೀಡ್ ಅಂದರೆ ನಿಮಿಷಕ್ಕೆ 60 ಮಿ.ಮೀ. ಸ್ಕ್ರೂ ಪಿಚ್ 1.5 ಮಿ.ಮೀ. ಇದ್ದರೆ 40 ಸುತ್ತು ಸಾಕು. ಫಿನಿಷಿಂಗ್‌ಗೆ ಇದರರ್ಧ, ಅದಕ್ಕೊಂದು ಪಿಡಬ್ಲ್ಯೂಎಂ ಸ್ಪೀಡ್ ಕಂಟ್ರೋಲರ್ ಇರಲಿ.

ಇನ್ನೊಂದು ಮಾತು. ಹಲವು ವೈಪರ್ ಮೋಟರ್‌ಗಳಿಗೆ ಬಾಡಿಯೇ ನೆಗೆಟಿವ್. ಹಿಂದಕ್ಕೆ ಓಡಿಸಲೆಂದು ವೈರ್ ಅದಲುಬದಲು ಮಾಡಿದಿರೋ, ಲೇತ್‌ನ ಮೈಯೆಲ್ಲ ಪಾಸಿಟಿವ್! ಬೋಲ್ಟ್, ಕಪ್ಲಿಂಗ್ ಸಮೇತ ಇನ್ಸುಲೇಟ್ ಮಾಡಿಬಿಡಿ.

ಕೈಯಾದರೆ ತಡೆ ಸಿಕ್ಕಾಗ ನಿಲ್ಲುತ್ತದೆ, ಮೋಟರ್ ನಿಲ್ಲದು. ಟೂಲ್ ಚಕ್‌ನಿಂದ ಬೆರಳಗಲ ದೂರ ಇರುವಾಗಲೇ ಲಿಮಿಟ್ ಸ್ವಿಚ್ ಕರೆಂಟ್ ಕಡಿಯಬೇಕು. ಚಕ್ ನಿಂತರೆ ಫೀಡೂ ನಿಲ್ಲುವಂತೆ ವೈರಿಂಗ್ ಮಾಡಿ. ಥ್ರೆಡ್ ಕೊರೆಯುವ ಆಸೆಯನ್ನು ಮಾತ್ರ ಈ ಮೋಟರಿನ ಮೇಲೆ ಹೊರಿಸಬೇಡಿ. ಅದಕ್ಕೆ ಚೇಂಜ್ ಗೇರೇ ಬೇಕು.