ಯಾವ ಕೆಲಸಕ್ಕೆ ಯಾವ ಬಾಗಿಲು? – ನಮ್ಮ ಜಿಲ್ಲೆಯ ತಹಸೀಲು, ಕೋರ್ಟು, ಪಂಚಾಯ್ತಿ

ಊರಲ್ಲಿ ಹೊಲದ ತಕರಾರು ಬಂತೆಂದರೆ "ಕಲಬುರ್ಗಿ ಕೋರ್ಟಿಗೆ ಹೋಗ್ಯಾರ" ಎಂಬ ಮಾತು ಕಟ್ಟೆಯ ಮೇಲೆ ಕೇಳುತ್ತೇವೆ. ಹೋದವರು ಕೋರ್ಟಿಗೇ ಹೋದರೋ ತಹಸೀಲಿಗೆ ಹೋದರೋ ಎಂದು ಕೇಳಿದರೆ ಬಹಳ ಮಂದಿಗೆ ಗೊತ್ತಿಲ್ಲ. ಎರಡೂ ಬೇರೆ. ಇದು ತಿಳಿಯದೆ ವರ್ಷಗಟ್ಟಲೆ ಒಂದು ಬಾಗಿಲಿಗೆ ಅಲೆದು, ಕಡೆಗೆ "ಇದು ಇಲ್ಲಿನ ಕೆಲಸ ಅಲ್ರಿ" ಅನ್ನಿಸಿಕೊಂಡು ಬರುವವರು ಇದ್ದಾರೆ.

ಮೊದಲು ಸ್ವಲ್ಪ ಇತಿಹಾಸ. 1347ರಲ್ಲಿ ಕಲಬುರ್ಗಿ ಬಹಮನಿ ರಾಜಧಾನಿಯಾದದ್ದು ಪಾಠದಲ್ಲಿ ಓದಿದ್ದೇವೆ. ಆದರೆ ಈಗಿನ ಕಚೇರಿ ಪದ್ಧತಿಯ ಬೇರು ನಿಜಾಮರ ಕಾಲದ್ದು. ಹೈದರಾಬಾದಿನ ದಿವಾನ ಸಾಲಾರ್ ಜಂಗ್ 1865ರ ಸುಮಾರಿಗೆ ಸಂಸ್ಥಾನವನ್ನು ಜಿಲ್ಲೆಗಳಾಗಿ ಹಂಚಿದರು. ಜಿಲ್ಲೆಗೆ ತಾಲೂಕ್‌ದಾರ, ತಾಲೂಕಿಗೆ ತಹಸೀಲ್ದಾರ, ಊರಿಗೆ ಪಾಟೀಲ ಮತ್ತು ಪಟವಾರಿ. (ಹೆಸರು ಕೇಳಿ ಮೋಸ ಹೋಗಬೇಡಿ, ತಾಲೂಕ್‌ದಾರ ಅಂದರೆ ಈಗಿನ ಡಿ.ಸಿ. ಇದ್ದ ಹಾಗೆ.) ಕಚೇರಿಯ ಭಾಷೆ ಮೊದಲು ಪಾರಸಿ, ಆಮೇಲೆ ಉರ್ದು. ರೈತ ಆಡುವುದು ಕನ್ನಡ, ಅವನ ಹೊಲದ ಕಾಗದ ಉರ್ದು! ಹಳೆಯ ಸೇತ್ವಾರ್ ಓದಿಸಲು ಇಂದಿಗೂ ಉರ್ದು ಬಲ್ಲವರನ್ನು ಹುಡುಕಬೇಕು. ನಾವು ಆಡುವ ಅರ್ಜಿ, ವಕೀಲ, ಜಾಮೀನು, ತಕರಾರು, ವಸೂಲಿ ಎಲ್ಲವೂ ಆ ಕಚೇರಿಯಿಂದಲೇ ಮನೆಗೆ ಬಂದ ಮಾತುಗಳು.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಭಾಷೆ ಹತ್ತಿರ ಬಂತು, ಆದರೆ ಹೈಕೋರ್ಟು ದೂರ ಹೋಯಿತು. ಹೈದರಾಬಾದು ಸುಮಾರು 220 ಕಿ.ಮೀ., ಬೆಂಗಳೂರು ಸುಮಾರು 600! ಅಪೀಲು ಹಾಕಿದ ರೈತ ರಾತ್ರಿಯಿಡೀ ರೈಲಿನಲ್ಲಿ ಕೂತು ಹೋಗಬೇಕು. ಎಷ್ಟೋ ಮಂದಿ ಖರ್ಚಿಗೆ ಅಂಜಿ ಸುಮ್ಮನಾಗಿರಬೇಕು. ವಕೀಲರು, ಜನರು ಬಹಳ ವರ್ಷ ಹೋರಾಡಿದ ಮೇಲೆ 2008ರಲ್ಲಿ ಕಲಬುರ್ಗಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಬೀದರ, ರಾಯಚೂರು, ಯಾದಗಿರಿ, ವಿಜಯಪುರದವರೂ ಈಗ ಇಲ್ಲಿಗೇ ಬರುತ್ತಾರೆ. ಕೆಂಪು ಬಾಳೆಗೆ ಹೆಸರಾದ ನಮ್ಮ ಕಮಲಾಪುರವನ್ನು 2017ರ ಬಜೆಟ್ಟಿನಲ್ಲಿ ಹೊಸ ತಾಲೂಕೆಂದು ಸಾರಿದರು. ಅದಕ್ಕೂ ಮೊದಲು ತಹಸೀಲ ಕೆಲಸಕ್ಕೂ ಕಲಬುರ್ಗಿಯೇ ಗತಿ.

ಈಗ ಮುಖ್ಯ ಮಾತು. ಮನೆಯ ಹಿರಿಯರು ತೀರಿಕೊಂಡರು, ಪಹಣಿಯಲ್ಲಿ ವಾರಸುದಾರರ ಹೆಸರು ಏರಬೇಕು. ಇದು ತಹಸೀಲ ಕೆಲಸ. ತಹಸೀಲ್ದಾರರ ಆದೇಶ ಒಪ್ಪಿಗೆಯಾಗದಿದ್ದರೆ ಎ.ಸಿ. ಸಾಹೇಬರ ಹತ್ತಿರ ಅಪೀಲು, ಅದರ ಮೇಲೆ ಡಿ.ಸಿ. ಆದರೆ ಹೊಲ ನಿಜಕ್ಕೂ ಯಾರದು, ಯಾರಿಗೆಷ್ಟು ಪಾಲು ಎಂಬುದನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟು. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹೊಲ ಅವನದೇ ಆಗಿಬಿಡುವುದಿಲ್ಲ. ಅಕ್ಕತಂಗಿಯರನ್ನು ಬಿಟ್ಟು ಅಣ್ಣತಮ್ಮಂದಿರು ಹೆಸರು ಏರಿಸಿಕೊಂಡರೂ ಅವರ ಹಕ್ಕು ಅಳಿಸಿ ಹೋಗುವುದಿಲ್ಲ. ಹಿಂದೂ ವಾರಸಾ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ವಕೀಲರ ಫೀಸಿಗೆ ದುಡ್ಡಿಲ್ಲವೆಂದು ಹೆಣ್ಣುಮಕ್ಕಳು ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಬರೆದುಕೊಟ್ಟರೆ ಆಯಿತು. ಇದನ್ನು ಮನೆಯಲ್ಲಿ ಅವ್ವ, ಅತ್ತೆಯರಿಗೆ ಓದಿ ಹೇಳಿ.

ಇನ್ನು ನಳದ ನೀರು, ಚರಂಡಿ, ಬೀದಿ ದೀಪ. ಕಲಬುರ್ಗಿ ಶಹರದ ಜೇವರ್ಗಿ ಕಾಲೋನಿಯವರು ಇದಕ್ಕೆ ಮಹಾನಗರ ಪಾಲಿಕೆಗೆ ಹೋಗಬೇಕು, ಹಳ್ಳಿಯವರಾದ ನಾವು ಗ್ರಾಮ ಪಂಚಾಯ್ತಿಗೆ. 1993ರ ಕಾಯ್ದೆಯಂತೆ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಲೇಬೇಕು, ಮತದಾರರೆಲ್ಲ ಅಲ್ಲಿ ಎದ್ದು ಕೇಳಬಹುದು. ಹೊಲದ ಮಾಲಕಿ ತೀರ್ಮಾನ ಮಾತ್ರ ಪಂಚಾಯ್ತಿಯ ಕೈಯಲ್ಲಿಲ್ಲ.

ಮನೆಯಲ್ಲಿ ಮಾಡುವ ಅಭ್ಯಾಸ: ನಿಮ್ಮ ಪಹಣಿ ತೆಗೆಸಿ ನೋಡಿ. 9ನೇ ಕಾಲಂನಲ್ಲಿ ಮಾಲೀಕರೆಂದು ಯಾರ್ಯಾರ ಹೆಸರು ಅದ, 11ರಲ್ಲಿ ಯಾವ ಸಾಲ ಅದ, 12ರಲ್ಲಿ ಸಾಗುವಳಿ ಯಾರದು ಅಂತ ಬರೆದಾರ, ವಹಿಯಲ್ಲಿ ಬರಕೊಂಡು ಬರ್ರಿ.