ಗಣಕದ ನಿಕ್ಷೇಪ: ತಂದದ್ದನ್ನು ಕಾಪಿಡುವ ಕ್ರಮ

ಶಾಸನಗಳ ದಾನಭಾಗವನ್ನು ಓದಿದ ವಿದ್ಯಾರ್ಥಿಗಳಿಗೆ ‘ನಿಧಿ ನಿಕ್ಷೇಪ’ ಎಂಬ ಜೋಡುಮಾತು ಪರಿಚಿತವೇ. ಭೂಮಿಯೊಡನೆ ಅದರಲ್ಲಿ ಅಡಗಿಸಿಟ್ಟ ಸಂಪತ್ತಿನ ಹಕ್ಕೂ ದಾನ ಪಡೆದವರಿಗೆ ಸಲ್ಲುತ್ತಿತ್ತು. ಗಣಕಲೋಕದ ‘ಕ್ಯಾಶ್’ ಎಂಬ ಪದವೂ ಅಡಗಿಸು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದುದು. ಉಚ್ಚಾರಣೆ ಒಂದಾದರೂ ಹಣದ ಕ್ಯಾಶಿಗೂ ಇದಕ್ಕೂ ನಂಟಿಲ್ಲ. ಆದಕಾರಣ ಈ ಲೇಖನದಲ್ಲಿ ಅದನ್ನು ನಿಕ್ಷೇಪವೆಂದೇ ಕರೆಯುತ್ತೇನೆ.

ಗೋವೆಯ ವಾಸ್ಕೊ, ಝುವಾರಿನಗರಗಳ ಕಡೆ ದುಡಿಮೆಗಾಗಿ ಬಂದು ನೆಲೆಸಿದ ಕನ್ನಡ ಕುಟುಂಬಗಳು ಅನೇಕ. ಆ ಮಕ್ಕಳು ಕಲಿಯುವ ಗಣಕ ಕೊಠಡಿಯೊಂದನ್ನು ಕಲ್ಪಿಸಿಕೊಳ್ಳೋಣ. ಹತ್ತು ಹಳೆಯ ಯಂತ್ರಗಳು, ಅವುಗಳಲ್ಲಿ ಡೆಬಿಯನ್ ಲಿನಕ್ಸ್; ಇಂಟರ್‌ನೆಟ್ಟಿಗೆ ಒಂದೇ ಮೊಬೈಲು; ಹೊರಗೆ ಜೂನ್ ತಿಂಗಳ ಮಳೆ. ಪರದೆಯ ಮೇಲೆ ಕನ್ನಡದ ಬದಲು ಬರಿಯ ಚೌಕಗಳು ಕಾಣುತ್ತಿವೆ. ಬೇಕಾಗಿರುವುದು ಗುಬ್ಬಿ, ನವಿಲು, ಲೋಹಿತ್ ಎಂಬ ಕನ್ನಡ ಫಾಂಟುಗಳು. ಮೂರೂ ಡೆಬಿಯನ್ ಭಂಡಾರದಲ್ಲಿ ಪೊಟ್ಟಣಗಳಾಗಿ ದೊರೆಯುತ್ತವೆ. ಹತ್ತು ಯಂತ್ರಗಳಿಗೂ ಹತ್ತು ಸಲ ತರಬೇಕೆ?

ಪೊಟ್ಟಣಗಳನ್ನು ತಂದು ಅಳವಡಿಸುವ ತಂತ್ರಾಂಶವೇ ಪ್ಯಾಕೇಜ್ ಮ್ಯಾನೇಜರ್. ಡೆಬಿಯನ್‌ನಲ್ಲಿ ಅದರ ಹೆಸರು ಆಪ್ಟ್. ಅದರ ಬಳಿ ಮೊದಲು ಒಂದು ಪಟ್ಟಿ ಇರುತ್ತದೆ. ಪ್ರತಿ ಪೊಟ್ಟಣದ ಹೆಸರು, ಆವೃತ್ತಿ, ಗಾತ್ರ, ಜೊತೆಗೆ ಶಾ-256 ಎಂಬ ಗಣಿತಕ್ರಮದಿಂದ ಪಡೆದ 64 ಅಂಕಾಕ್ಷರಗಳ ಮುದ್ರೆ ಅದರಲ್ಲಿರುತ್ತವೆ. ಪೊಟ್ಟಣವನ್ನು ಕೇಳಿದೊಡನೆ ಆಪ್ಟ್ ಜಾಲಕ್ಕೆ ಹೋಗುವುದಿಲ್ಲ. ಡಿಸ್ಕಿನ ‘ವಾರ್’ ಕಡತಕೋಶದೊಳಗೆ ‘ಕ್ಯಾಶ್’, ಅದರೊಳಗೆ ‘ಆಪ್ಟ್’, ಅದರೊಳಗೆ ‘ಆರ್ಕೈವ್ಸ್’ ಎಂಬ ಕೋಶವಿದೆ. ಮೊದಲು ಅಲ್ಲಿ ಹುಡುಕುತ್ತದೆ. ಅಲ್ಲಿಯ ಕಡತ ಪಟ್ಟಿಗೆ ಹೊಂದಿದರೆ ಕೆಲಸ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಜಾಲದಿಂದ ತಂದು, ಪೂರ್ತಿ ಇಳಿಯುವವರೆಗೆ ‘ಪಾರ್ಷಿಯಲ್’ ಎಂಬ ಒಳಕೋಶದಲ್ಲಿಟ್ಟು, ಪರೀಕ್ಷೆಯಾದ ಮೇಲೆ ಮೇಲಿನ ಕೋಶಕ್ಕೆ ಸೇರಿಸುತ್ತದೆ. ಮಳೆಗೆ ಸಂಪರ್ಕ ಕಡಿದರೆ, ಮುಂದಿನ ಸಲ ನಿಂತಲ್ಲಿಂದಲೇ ಮುಂದುವರಿಸಬಹುದು.

ಗ್ರಂಥಸಂಪಾದನೆಯನ್ನು ಓದುವ ನಮಗೆ ಈ ಪರೀಕ್ಷೆ ಸ್ವಾರಸ್ಯಕರವಾದುದು. ಓಲೆಗರಿಯ ಪ್ರತಿಯಲ್ಲಿ ಒಂದಕ್ಷರ ತಪ್ಪಿದ್ದರೆ ಸಂಪಾದಕನು ಪಾಠಾಂತರಗಳನ್ನು ತೂಗಿ ನೋಡುತ್ತಾನೆ. ಆಪ್ಟ್ ತೂಗುವುದಿಲ್ಲ. ಒಂದು ಬಿಟ್ ಬೇರೆಯಾದರೂ ಮುದ್ರೆ ಪೂರ್ತಿ ಬದಲಾಗುತ್ತದೆ. ತಪ್ಪೆಲ್ಲಿದೆಯೆಂದು ವಿಚಾರಿಸದೆ ಆ ಪ್ರತಿಯನ್ನು ತಿರಸ್ಕರಿಸುತ್ತದೆ.

ಇಲ್ಲಿ ಎಡವುವುದು ಸುಲಭ. ‘ಆಪ್ಟ್-ಗೆಟ್’ ಎಂಬ ಹಳೆಯ ಆಜ್ಞೆ ತಂದ ಪೊಟ್ಟಣಗಳನ್ನು ಉಳಿಸಿಕೊಳ್ಳುತ್ತದೆ. ‘ಆಪ್ಟ್’ ಎಂಬ ಚಿಕ್ಕ ಆಜ್ಞೆಯಾದರೋ, 2016ರಿಂದೀಚೆಗೆ, ಅಳವಡಿಕೆ ಯಶಸ್ವಿಯಾದೊಡನೆ ಅವುಗಳನ್ನು ಅಳಿಸಿಬಿಡುತ್ತದೆ. ಹೊಸ ಆಜ್ಞೆಯಿಂದ ಮೊದಲ ಯಂತ್ರವನ್ನು ಸಿದ್ಧಗೊಳಿಸಿ, ಉಳಿದ ಒಂಬತ್ತಕ್ಕೆ ಒಯ್ಯಲೆಂದು ಪೆನ್‌ಡ್ರೈವ್ ಹಿಡಿದು ಬಂದ ಅಧ್ಯಾಪಕರಿಗೆ ಕಾಣುವುದು ಬರಿದಾದ ಕೋಶ. ಡಿಸ್ಕಿನ ಜಾಗ ಉಳಿಸುವ ಈ ನಿಯಮ ಅಗ್ಗದ ವೇಗದ ಸಂಪರ್ಕವಿರುವವರಿಗೆ ಒಪ್ಪುತ್ತದೆ. ನಮ್ಮ ಕೊಠಡಿಗೆ ಹಳೆಯದೇ ಲೇಸು.

‘ಕ್ಲೀನ್’ ಎಂದು ಆಜ್ಞಾಪಿಸಿದರೆ ನಿಕ್ಷೇಪದ ಪೊಟ್ಟಣಗಳೆಲ್ಲ ಹೋಗುತ್ತವೆ. ಅಳವಡಿಸಿದ ಫಾಂಟಿಗೆ ಇದರಿಂದ ಏನೂ ಆಗದು. ‘ಆಟೊಕ್ಲೀನ್’ ಎಂದರೆ ಭಂಡಾರದಲ್ಲಿ ಇನ್ನು ದೊರೆಯದ ಆವೃತ್ತಿಗಳು ಮಾತ್ರ ಅಳಿಯುತ್ತವೆ. ಹಸ್ತಪ್ರತಿ ಕಾಯುವವರಿಗೆ ಇದು ತಲೆಕೆಳಗಾದ ನ್ಯಾಯವೆನಿಸೀತು: ಬೇರೆಲ್ಲೂ ಸಿಗದ ಪ್ರತಿಯನ್ನೇ ನಾಶಮಾಡುವುದೆ? ಆದರೆ ಭಂಡಾರದವರು ಹಳೆಯದನ್ನು ಕೈಬಿಡುವುದು ದೋಷ ತಿದ್ದಿದ ಹೊಸದು ಬಂದಾಗ. ಹೊಸದು ಸರಿಹೋಗದೆ ಹಳೆಯದಕ್ಕೆ ಮರಳಬೇಕಾದವರು ಮಾತ್ರ ಮೊದಲೇ ನಕಲು ಎತ್ತಿಡಬೇಕು.

ಪೆನ್‌ಡ್ರೈವಿನಲ್ಲಿ ಪೊಟ್ಟಣಗಳನ್ನು ಒಯ್ದು ಪ್ರತಿ ಯಂತ್ರದ ಆರ್ಕೈವ್ಸ್ ಕೋಶಕ್ಕೆ ಹಾಕಬಹುದು. ಆದರೆ ಎಲ್ಲ ಯಂತ್ರಗಳಲ್ಲೂ ಅದೇ ಪಟ್ಟಿ ಇರಬೇಕು. ಅದಕ್ಕಿಂತ ಒಂದೇ ಯಂತ್ರದಲ್ಲಿ ‘ಆಪ್ಟ್-ಕ್ಯಾಶರ್-ಎನ್‌ಜಿ’ಯನ್ನು ನಿಲ್ಲಿಸುವುದು ಲೇಸೆಂದು ನನಗೆ ತೋರುತ್ತದೆ. ಉಳಿದ ಯಂತ್ರಗಳು ಅದರ 3142ನೆಯ ಪೋರ್ಟಿಗೆ ಕೇಳಿಕೆ ಸಲ್ಲಿಸುತ್ತವೆ. ಮೊದಲ ಕೇಳಿಕೆಗೆ ಅದು ಜಾಲದಿಂದ ತರುತ್ತದೆ, ಮುಂದಿನವಕ್ಕೆ ತನ್ನ ಡಿಸ್ಕಿನಿಂದ ಕೊಡುತ್ತದೆ. ಫಾಂಟು ಯಂತ್ರಭಾಷೆಯಲ್ಲಿ ಬರೆದ ಕ್ರಮವಿಧಿಯಲ್ಲವಾದ್ದರಿಂದ ಅದರ ಪೊಟ್ಟಣ 32 ಬಿಟ್ಟಿನ ಯಂತ್ರಕ್ಕೂ 64 ಬಿಟ್ಟಿನದಕ್ಕೂ ಒಂದೇ. ಕೊಠಡಿಯಲ್ಲಿ ಎರಡೂ ಬಗೆಯ ಯಂತ್ರಗಳು ಬೆರೆತಿದ್ದರೂ ಗುಬ್ಬಿಯನ್ನು ಒಮ್ಮೆ ತಂದರೆ ಸಾಕು.