ಎರೆಮಣ್ಣಿನ ನಾಡಿನಲ್ಲಿ ಕಾರಿನ ಬ್ರೇಕು
ನಾರಾಯಣಪುರ ಎಡದಂಡೆ ಕಾಲುವೆಯ ನೀರುಂಡ ಶಹಾಪುರ, ಸುರಪುರಗಳ ಎರೆಭೂಮಿಯ ಕೆಸರು ಮಳೆಗಾಲದಲ್ಲಿ ಕಾರಿನ ಚಕ್ರದೊಳಗೂ ಅಂಟಿಕೊಳ್ಳುವುದುಂಟು. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಕಡ್ಡಾಯವಾದ ಎಬಿಎಸ್ ವ್ಯವಸ್ಥೆಯು ಪ್ರತಿ ಚಕ್ರದ ವೇಗವನ್ನು ಸೆನ್ಸರಿನಿಂದ ಅರಿತು, ಬ್ರೇಕನ್ನು ಬಲವಾಗಿ ಒತ್ತಿದಾಗ ಚಕ್ರವು ಸ್ತಬ್ಧಗೊಂಡು ಜಾರದಂತೆ ಕಾಯುತ್ತದೆ. ಸೆನ್ಸರಿನ ತುದಿಗೆ ಕೆಸರು, ಕಬ್ಬಿಣದ ಪುಡಿ ಮೆತ್ತಿದರೆ ಅಥವಾ ಅದರ ತಂತಿ ಕಡಿದರೆ ಹಳದಿ ದೀಪ ಬೆಳಗುತ್ತದೆ. ಆಗ ಸಾಮಾನ್ಯವಾಗಿ ಬ್ರೇಕು ಹಿಡಿಯುತ್ತದೆ. ಜಾರದಂತೆ ಕಾಯುವ ಶಕ್ತಿ ಮಾತ್ರ ಇಲ್ಲವಾಗುತ್ತದೆ. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಬ್ರೇಕು ತಣಿದ ಬಳಿಕ ಚಕ್ರದ ಹಿಂಬದಿಯನ್ನು ನೀರಿನಿಂದ ತೊಳೆದು, ತಂತಿಯನ್ನು ಪರೀಕ್ಷಿಸಬೇಕು. ದೀಪ ಆರದಿದ್ದರೆ ಮೆಕ್ಯಾನಿಕರಿಗೆ ತೋರಿಸುವುದು ಯುಕ್ತ. ಹ್ಯಾಂಡ್‌ಬ್ರೇಕ್ ಇಳಿಸಿದರೂ ಕೆಂಪು ದೀಪ ಉಳಿದರೆ, ಇಲ್ಲವೆ ಪೆಡಲ್ ಮೆತ್ತಗೆ ಕುಸಿದರೆ, ಬ್ರೇಕ್ ದ್ರವ ಸೋರಿರಬಹುದು. ಆಗ ಯಾದಗಿರಿಯವರೆಗೆ ಹೇಗೋ ತಲುಪಿದರಾಯಿತೆಂಬ ಎಣಿಕೆ ಸಲ್ಲದು, ಕಾರನ್ನು ಚಲಾಯಿಸಲೇಬಾರದು.